ಗೊಣಗದೆ ಇರೋದಾದ್ರೂ ಹೇಗೆ ಹೇಳಿ

ಈ ಸಲ ಬಂದಿರೋ ಕಾಗದ, ವಾಟ್ಸಾಪ್ ಮೆಸೇಜು ಎಲ್ಲದರಲ್ಲೂ ಹೆಚ್ಚಿನ ಪಾಲು ಚಳಿ ಬಗ್ಗೇನೇ ಇದೆ, ಉಳಿದಿದ್ದು ಸ್ಪೀಕರ್ ಗಲಾಟೆ, ಕ್ರಿಕೆಟ್ಟು, ಚಿಲ್ಲರೆ ಕಾಸು. ಒಂದೇ ತರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ. ನಿಮ್ಮದು ಕಾಣಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಇನ್ನೊಬ್ರ ಪ್ರಶ್ನೆ ಒಳಗೆ ಇರುತ್ತೆ ನೋಡಿ.

ಪ್ರಶ್ನೆ: ಅಕ್ಕಾ, ಊರಿಗೆಲ್ಲ ಚಳಿಗಾಲ ಅಂದ್ರೆ ಖುಷಿ, ಬೆಂಗಳೂರಿಂದ ಜನ ಚಳಿ ಅನುಭವಿಸಕ್ಕೇ ಅಂತ ನಮ್ಮ ಕಡೆ ಬರ್ತಾರೆ. ನೀವು ಮಾತ್ರ ಡಿಸೆಂಬರ್ ಬಂತು ಅಂದ್ರೆ ಬೈಯಕ್ಕೆ ಶುರು ಮಾಡ್ತೀರಿ. ಬಡವರ ಊಟಿ ಅನ್ನಿಸ್ಕೊಂಡಿರೋ ಹಾಸನದಲ್ಲಿ ಇದ್ಕೊಂಡು ಹೀಗಂದ್ರೆ ಹೇಗೆ?
– ಓದುಗರು, ಹಾಸನ

ಉತ್ತರ: ಎರಡು ದಿನ ರೆಸಾರ್ಟಲ್ಲಿ ಕಂಬಳಿ ಹೊದ್ದು ಮಲಗಿ ಎದ್ದು ಹೋಗೋರಿಗೆ ಚಳಿ ಚೆಂದಾನೇ ಕಣಪ್ಪ, ಬೇಡ ಅಂದೋರು ಯಾರು. ನಮ್ಮೂರು ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಮೇಲಿದೆ, ಸುತ್ತ ಕೆರೆ ಗದ್ದೆ ಬೇರೆ, ಆಕಾಶ ತಿಳಿಯಾಗಿದ್ದ ರಾತ್ರಿ ನೆಲದ ಕಾವೆಲ್ಲ ಮೇಲೆ ಹೋಗಿಬಿಡುತ್ತೆ, ಬೆಳಗಿನ ಜಾವಕ್ಕೆ ಕಾವಳ ಕಟ್ಕೊಂಡು ಎದುರು ಮನೆ ಗೇಟೂ ಕಾಣಲ್ಲ. ಅಂಥ ಹೊತ್ತಲ್ಲಿ ರಸ್ತೆ ಗುಡಿಸೋ ಪೌರಕಾರ್ಮಿಕರು ಬರೀ ಒಂದು ಹಳೇ ಸ್ವೆಟರ್ ಮೇಲೆ ಕೆಲಸ ಮಾಡ್ತಿರ್ತಾರೆ, ಹಾಲಿನೋರು, ಪೇಪರ್ ಹಾಕೋ ಹುಡುಗ್ರು, ಸಂತೆಗೆ ಸೊಪ್ಪು ತರೋ ಹೆಂಗಸರು ಎಲ್ಲ ಅದೇ ಹೊತ್ತಲ್ಲೇ ಬೀದಿಲಿರೋದು. ನನ್ನ ಸಿಟ್ಟು ಚಳಿ ಮೇಲಲ್ಲ, ಚಳಿ ಪ್ರತಿ ವರ್ಷ ಬಂದೇ ಬರುತ್ತೆ ಅಂತ ಗೊತ್ತಿದ್ರೂ ಪ್ರತಿ ವರ್ಷ ಹೊಸದಾಗಿ ಬಂದಿದೆ ಅನ್ನೋ ಹಾಗೆ ಕೂತಿರ್ತೀವಲ್ಲ, ಅದರ ಮೇಲೆ. ದಪ್ಪನೆ ಜಾಕೆಟ್ಟು, ಕೈಗೆ ಗ್ಲೌಸು ನವೆಂಬರ್‌ನಲ್ಲೇ ಕೊಡ್ಬೇಕಾದ್ದು, ಜನವರಿ ಕೊನೇಲಿ ಫೋಟೋ ತೆಗೆಸ್ಕೊಂಡು ಕೊಟ್ರೆ ಏನು ಪ್ರಯೋಜನ? ಅಷ್ಟೊತ್ತಿಗೆ ಶಿವರಾತ್ರಿ ಬಂತು, ಚಳಿ ಶಿವಶಿವಾ ಅಂತ ಹೊರಟಿರುತ್ತೆ.

ಇನ್ನು ಈ ಕಾಲದಲ್ಲಿ ನನಗೆ ಇಷ್ಟ ಆಗೋದೂ ಇದೆ, ಸೊಗಡಿನ ಅವರೆಕಾಯಿ. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ. ಹಿದುಕಿದ ಬೇಳೆ ಸಾರು ಮಾಡಿ ಬಿಸಿ ಮುದ್ದೆ ಜೊತೆ ಉಣ್ಣೋವಾಗ ನಾನು ಯಾರನ್ನೂ ಬೈಯಲ್ಲ.

ಪ್ರಶ್ನೆ: ಡಿಸೆಂಬರ್ 21-22ಕ್ಕೆ ಅತಿ ಚಿಕ್ಕ ಹಗಲು ಮುಗೀತು, ಇನ್ಮೇಲೆ ಹಗಲು ಉದ್ದ ಆಗುತ್ತೆ ಅಂತ ಮಕ್ಕಳಿಗೆ ಪಾಠ ಮಾಡ್ತೀನಿ. ಆದ್ರೆ ಜನವರಿಲಿ ಬೆಳಕಾಗೋದು ಇನ್ನೂ ತಡ ಆಗ್ತಿದೆಯಲ್ಲ, ಮಕ್ಕಳು ಕೇಳಿದ್ರೆ ಏನು ಹೇಳಲಿ?
– ಶಿಕ್ಷಕಿ, ಚನ್ನರಾಯಪಟ್ಟಣ

ಉತ್ತರ: ಮಕ್ಕಳು ಸರಿಯಾಗೇ ಗಮನಿಸಿದಾರೆ ಮೇಡಂ, ಶಭಾಷ್ ಅನ್ನಿ. ಹಗಲಿನ ಉದ್ದ ಹೆಚ್ಚಾಗ್ತಿರೋದು ನಿಜ, ಆದ್ರೆ ಅದು ಸಂಜೆ ಕಡೆಯಿಂದ ಹೆಚ್ಚಾಗುತ್ತೆ. ಭೂಮಿ ಜನವರಿ ಮೊದಲ ವಾರದಲ್ಲಿ ಸೂರ್ಯನಿಗೆ ಹತ್ತಿರ ಇದ್ದು ಸ್ವಲ್ಪ ಜೋರಾಗಿ ಓಡುತ್ತೆ, ಅದರ ಜೊತೆ ಓರೆಯಾಗಿ ಬೇರೆ ತಿರುಗುತ್ತೆ, ಇವೆರಡೂ ಸೇರಿ ಸೂರ್ಯ ನೆತ್ತಿಗೆ ಬರೋ ಹೊತ್ತು ಆ ದಿನಗಳಲ್ಲಿ ದಿನಕ್ಕೆ ಅರ್ಧ ನಿಮಿಷದಷ್ಟು ಹಿಂದೆ ಬೀಳ್ತಾ ಹೋಗುತ್ತೆ. ಹಾಗಾಗಿ ನಮ್ಮ ಕಡೆ ಸೂರ್ಯ ಬೇಗ ಮುಳುಗೋದು ನವೆಂಬರ್ ಕೊನೆ ಭಾಗದಲ್ಲಿ, ತೀರಾ ತಡವಾಗಿ ಹುಟ್ಟೋದು ಜನವರಿ ಮೂರನೇ ವಾರದ ಆಸುಪಾಸಲ್ಲಿ. ಇದಲ್ದೆ ದೇಶದ ಗಡಿಯಾರ ಪೂರ್ವ ರೇಖಾಂಶ 82.5 ಡಿಗ್ರಿ ಲೆಕ್ಕದಲ್ಲಿ ನಡೆಯುತ್ತೆ, ಹಾಸನ ಇರೋದು 76ರ ಹತ್ತಿರ, ಡಿಗ್ರಿಗೆ 4 ನಿಮಿಷ ಅಂತ ಹಿಡಿದ್ರೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 26 ನಿಮಿಷ ಹಿಂದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ ಈ ಲೆಕ್ಕ ಸ್ಕೂಲ್ ನಡೆಸೋರಿಗೂ ಗೊತ್ತಾಗ್ಬೇಕು. ಆರು ವರ್ಷದ ಮಗು ಕತ್ತಲಲ್ಲಿ ಎದ್ದು ಕತ್ತಲಲ್ಲೇ ಸ್ನಾನ ಮಾಡಿ ಮಂಜಲ್ಲಿ ಸ್ಕೂಲ್ ವ್ಯಾನಿಗೆ ಕಾಯ್ತಾ ನಿಂತಿರುತ್ತೆ. ಡಿಸೆಂಬರ್ ಹದಿನೈದರಿಂದ ಜನವರಿ ಕೊನೆವರೆಗೆ ಅರ್ಧ ಗಂಟೆ ತಡವಾಗಿ ಬೆಲ್ ಹೊಡೆದ್ರೆ ಯಾವ ಸಿಲಬಸ್ಸೂ ನಿಂತು ಹೋಗಲ್ಲ. ನೀವೊಬ್ರೇ ಕೇಳಿದ್ರೆ ಆಗಲ್ಲ ಅಂತಾರೆ, ಪೋಷಕರ ಸಭೆಲಿ ಎಲ್ಲ ಸೇರಿ ಬರವಣಿಗೆಲಿ ಕೇಳಿ.

ಪ್ರಶ್ನೆ: ಚಳಿಗೆ ಬಚ್ಚಲುಮನೆ ಕಿಟಕಿ ಮುಚ್ಚಿ ಗ್ಯಾಸ್ ಗೀಸರ್ ಹಾಕ್ಕೊಂಡು ಸ್ನಾನ ಮಾಡ್ತೀವಿ. ನಮ್ಮತ್ತೆ ಬೈತಾರೆ, ಕಿಟಕಿ ತೆಗಿ ಅಂತಾರೆ. ಈ ಚಳಿಲಿ ತೆಗೆಯಕ್ಕಾಗುತ್ತಾ?
– ಓದುಗರು, ತರೀಕೆರೆ

ಉತ್ತರ: ತಾಯಿ, ನಿಮ್ಮತ್ತೆ ಹೇಳಿದ್ದು ನೂರಕ್ಕೆ ನೂರು ಸರಿ, ಇವತ್ತೇ ತೆಗೀರಿ. ಗ್ಯಾಸ್ ಉರಿಯಕ್ಕೆ ಗಾಳಿ ಬೇಕು, ಮುಚ್ಚಿದ ಸಣ್ಣ ಜಾಗದಲ್ಲಿ ಗಾಳಿ ಸಾಲ್ದೆ ಹೋದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯಲ್ಲ, ಕೆಮ್ಮು ಬರಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನ ಹಿಡ್ಕೊಂಡುಬಿಡುತ್ತೆ, ತಲೆನೋವು, ತಲೆ ಸುತ್ತು, ವಾಕರಿಕೆ ಅನ್ನೋಷ್ಟರಲ್ಲಿ ಕಾಲಲ್ಲಿ ಶಕ್ತಿ ಹೋಗಿ ಬಾಗಿಲ ಚಿಲಕ ತೆಗೆಯಕ್ಕೂ ಆಗಲ್ಲ. ಪ್ರತಿ ಚಳಿಗಾಲದಲ್ಲೂ ಪೇಪರಲ್ಲಿ ಇಂಥ ಸುದ್ದಿ ಓದ್ತೀವಿ, ಎರಡು ದಿನ ಅಯ್ಯೋ ಅಂತೀವಿ, ಆಮೇಲೆ ಮರೀತೀವಿ. ಗೀಸರ್ ಮತ್ತೆ ಸಿಲಿಂಡರ್ ಎರಡನ್ನೂ ಬಚ್ಚಲಿಂದ ಆಚೆ ಹಾಕಿಸಿ, ಹಾಕಿಸೋವರೆಗೆ ಬಾಗಿಲು ಕಿಟಕಿ ತೆಗೆದಿಟ್ಟು ಬಕೆಟ್ ತುಂಬಿಸ್ಕೊಂಡು, ಗೀಸರ್ ಆಫ್ ಮಾಡಿ, ಗಾಳಿ ಆಡಿದ ಮೇಲೆ ಒಳಗೆ ಹೋಗಿ. ಮಲೆನಾಡಿನ ಕಡೆಯೋರಿಗೂ ಇದೇ ಮಾತು, ಅಗ್ಗಿಷ್ಟಿಕೆ ಕೆಂಡ ಮಲಗೋ ಕೋಣೇಲಿ ಇಟ್ಕೊಂಡು ಬಾಗಿಲು ಹಾಕಬೇಡಿ. ಹಳೇ ಮನೆಗಳಲ್ಲಿ ಹೆಂಚಿನ ಸಂದಿಲಿ ಗಾಳಿ ಆಡ್ತಿತ್ತು, ಈಗಿನ ಆರ್‌ಸಿಸಿ ಮನೇಲಿ ಆಡಲ್ಲ.

ಪ್ರಶ್ನೆ: ನಾವು ಸಣ್ಣ ಕಾಫಿ ಬೆಳೆಗಾರರು. ಜನವರಿಲಿ ಮಳೆ ಬಂದ್ರೆ ಹೋಂಸ್ಟೇಗೆ ಬಂದೋರು ‘ಏನ್ ವೆದರ್ರೀ’ ಅಂತ ಕುಣೀತಾರೆ, ನನಗೆ ಅಳು ಬರುತ್ತೆ. ನಾನೇ ಜಾಸ್ತಿ ಗೊಣಗ್ತೀನಾ?
– ಬೆಳೆಗಾರರು, ಮೂಡಿಗೆರೆ

ಉತ್ತರ: ಇಲ್ಲ ಮಾರಾಯ್ರೇ, ನೀವು ಗೊಣಗೋದು ಕಮ್ಮಿನೇ ಆಯ್ತು. ಈ ಕಾಲಮ್ ಓದೋ ಪೇಟೆಯೋರಿಗೋಸ್ಕರ ಸ್ವಲ್ಪ ಬಿಡಿಸಿ ಹೇಳ್ತೀನಿ. ಅರೇಬಿಕಾ ಕುಯ್ಲು ಹೆಚ್ಚುಕಮ್ಮಿ ನವೆಂಬರ್‌ನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಅಂದ್ರೆ ಜನವರಿಲಿ ಒಂದು ಕಡೆ ಕಣದ ತುಂಬ ಪಾರ್ಚ್‌ಮೆಂಟು (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜ), ಚೆರ್ರಿ (ಸಿಪ್ಪೆ ಸಮೇತ ಒಣಗಿಸೋ ಹಣ್ಣು) ಹರಡಿರುತ್ತೆ, ಇನ್ನೊಂದು ಕಡೆ ರೊಬಸ್ಟಾ ಹಣ್ಣು ಗಿಡದಲ್ಲೇ ಇರುತ್ತೆ. ಪಾರ್ಚ್‌ಮೆಂಟ್ ತೇವ ಶೇಕಡ 10ಕ್ಕೆ ಇಳಿಯೋವರೆಗೆ ಬಿಸಿಲು ಬೇಕು. ಅದರ ಮಧ್ಯ ಒಂದು ಮಳೆ ಹೊಡೀತು ಅಂದ್ರೆ ಮನೆ ಮಂದಿಯೆಲ್ಲ ರಾತ್ರಿ ಎದ್ದು ಟಾರ್ಪಾಲು ಎಳೀಬೇಕು, ಮುಚ್ಚಿಟ್ರೆ ಒಳಗೇ ಬೆವರಿ ಬೂಸ್ಟು, ತೆಗೆದಿಟ್ರೆ ನೆನೆಯುತ್ತೆ, ಕಾಫಿ ಬಣ್ಣ ಕೆಟ್ಟು ವಾಸನೆ ಹಿಡಿದ್ರೆ ವ್ಯಾಪಾರಿ ಕೈಯಾಡಿಸಿ ನೋಡಿ ರೇಟು ಇಳಿಸ್ತಾನೆ. ಗಿಡದಲ್ಲಿರೋ ರೊಬಸ್ಟಾದ ಕತೆ ಇನ್ನೂ ಕಷ್ಟ. ಮಾರ್ಚ್ ಏಪ್ರಿಲ್‌ನಲ್ಲಿ ಬರಬೇಕಾದ ಹೂಮಳೆ ಜನವರಿಲೇ ಬಂತು ಅಂತ ಗಿಡ ತಿಳ್ಕೊಂಡು ಹೂ ಬಿಟ್ಟುಬಿಡುತ್ತೆ, ಅದೇ ಕೊಂಬೇಲಿ ಹೋದ ವರ್ಷದ ಹಣ್ಣು, ಈ ವರ್ಷದ ಹೂವು, ಹಣ್ಣು ಕೊಯ್ಯಕ್ಕೆ ಕೈ ಹಾಕಿದ್ರೆ ಹೂ ಉದುರುತ್ತೆ, ಹೂ ಕಚ್ಚಲಿ ಅಂತ ಬಿಟ್ರೆ ಹಣ್ಣು ಒಣಗಿ ನೆಲಕ್ಕೆ ಬೀಳುತ್ತೆ. ಕೊಯ್ಯೋ ಆಳು ಸಿಗೋದೇ ಕಷ್ಟ ಇರೋವಾಗ ಅವರನ್ನ ನಿಲ್ಲಿಸ್ಕೊಂಡು ಕೂಲಿ ಕೊಡೋದು ಬೇರೆ. ಆಮೇಲೆ ಬ್ಯಾಕಿಂಗ್ ಮಳೆ, ಅಂದ್ರೆ ಹೂ ಆದ್ಮೇಲೆ ಕಾಯಿ ನಿಲ್ಲಕ್ಕೆ ಬೇಕಾದ ಎರಡನೇ ಮಳೆ, ಸಮಯಕ್ಕೆ ಬರಲಿಲ್ಲ ಅಂದ್ರೆ ಕಚ್ಚಿದ್ದೂ ಉದುರುತ್ತೆ.

ಬಂದ ಅತಿಥಿಗಳಿಗೆ ಇದೆಲ್ಲ ಗೊತ್ತಿರಲ್ಲ, ತಪ್ಪು ಅವರದೂ ಅಲ್ಲ. ಆದ್ರೆ ನೀವು ಸುಮ್ನಿರಬೇಡಿ. ಅವರನ್ನ ಕಣಕ್ಕೆ ಕರ್ಕೊಂಡು ಹೋಗಿ, ನೆನೆದ ಪಾರ್ಚ್‌ಮೆಂಟ್ ಕೈಗೆ ಕೊಟ್ಟು ಮೂಸಿ ನೋಡಿ ಅನ್ನಿ. ಟಾರ್ಪಾಲಿನ ಒಂದು ತುದಿ ಹಿಡ್ಕೊಳಿ ಅಂದ್ರೂ ತಪ್ಪಿಲ್ಲ, ಹೆಚ್ಚಿನೋರು ಖುಷಿಯಿಂದಾನೇ ಹಿಡೀತಾರೆ.

ಪ್ರಶ್ನೆ: ಚಿಕ್ಕಮಗಳೂರಲ್ಲೇ ಹೋಟೆಲ್ ಕಾಫಿ ಕಪ್ಪಗೆ ಕಹಿ ಕಷಾಯ. ಕಾಫಿ ನಾಡಲ್ಲಿ ಒಳ್ಳೆ ಕಾಫಿ ಸಿಗಲ್ಲ ಅಂದ್ರೆ ಏನರ್ಥ?
– ಓದುಗರು, ಬಸವನಹಳ್ಳಿ, ಚಿಕ್ಕಮಗಳೂರು

ಉತ್ತರ: ಇದು ನನಗೂ ಹೊಟ್ಟೆ ಉರಿಯೋ ವಿಷಯ. ಬಾಬಾಬುಡನ್‌ಗಿರಿ ತಪ್ಪಲಲ್ಲಿ ದೇಶದ ಕಾಫಿ ಶುರು ಆಯ್ತು ಅಂತ ಬೋರ್ಡ್ ಹಾಕ್ತೀವಿ, ಬಾಳೆಹೊನ್ನೂರಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ, ಆದ್ರೆ ಲೋಟದೊಳಗೆ ಅರ್ಧಕ್ಕರ್ಧ ಚಿಕೋರಿ. ಚಿಕೋರಿ ಒಂದು ಗಿಡದ ಬೇರು, ಹೆಚ್ಚಾಗಿ ಗುಜರಾತು, ಉತ್ತರ ಪ್ರದೇಶದಲ್ಲಿ ಬೆಳೆಯೋದು, ಹುರಿದು ಪುಡಿ ಮಾಡಿದ್ರೆ ಗಾಢ ಬಣ್ಣ, ಕಹಿ ಕೊಡುತ್ತೆ, ಕೆಫೀನ್ ಇಲ್ಲ. ಕಾನೂನು ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡ 51ಕ್ಕಿಂತ ಕಮ್ಮಿ ಇರಬಾರದು, ಎಷ್ಟೆಷ್ಟು ಬೆರೆಸಿದೆ ಅಂತ ಪ್ಯಾಕೆಟ್ ಮೇಲೆ ಹಾಕಿರಬೇಕು. 49 ಅಂದ್ರೆ ತಪ್ಪಲ್ಲ ಆಯ್ತು, ಆದ್ರೆ ಇಲ್ಲಿ ಗದ್ದೆ ತೋಟದ ನಡುವೆ ಕೂತ್ಕೊಂಡು ಅದನ್ನೇ ಕುಡೀಬೇಕಾ? ಚಿಕೋರಿ ಇಷ್ಟಪಡೋರು ಇದಾರೆ, ಡಿಕಾಕ್ಷನ್ ಗಟ್ಟಿ ಇರಬೇಕು ಅನ್ನೋರು ಹತ್ತೋ ಹದಿನೈದೋ ಪರ್ಸೆಂಟ್ ಹಾಕ್ಕೊಳ್ಳಲಿ. ಹೋಟೆಲಲ್ಲಿ ಕೂತಾಗ ‘ಪುಡಿ ಯಾವುದು, ಚಿಕೋರಿ ಎಷ್ಟು’ ಅಂತ ಕೇಳಿ. ಹತ್ತು ಜನ ಗಿರಾಕಿ ಕೇಳಿದ್ರೆ ಹನ್ನೊಂದನೇ ದಿನ ಪುಡಿ ಬದಲಾಗುತ್ತೆ.

ಪ್ರಶ್ನೆ: ಕೊಬ್ಬರಿ ಎಣ್ಣೆ ಬಾಟ್ಲಲ್ಲೇ ಹೆಪ್ಪುಗಟ್ಟಿದೆ. ಕಲಬೆರಕೆನಾ?
– ಓದುಗರು, ಅರಸೀಕೆರೆ

ಉತ್ತರ: ತೆಂಗಿನ ಸೀಮೆಯೋರೇ ಹೀಗೆ ಕೇಳಿದ್ರೆ ಹೇಗ್ರೀ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ ಕೆಳಗೆ ಗಟ್ಟಿ ಆಗೋದು ಅದರ ಗುಣ, ಚಳಿಗೂ ನೀರಿನ ಹಾಗೇ ಇದ್ರೆ ಆಗ ಅನುಮಾನ ಪಡಿ. ಬಾಟ್ಲಿ ಬಿಸಾಕಿ ಅಗಲ ಬಾಯಿ ಡಬ್ಬಿಗೆ ಹಾಕಿಡಿ.

ಪ್ರಶ್ನೆ: ಮಂಜಲ್ಲಿ ಎದುರಿನೋರು ಹೈ ಬೀಮ್ ಹಾಕ್ಕೊಂಡು ಬರ್ತಾರೆ, ಕಣ್ಣೇ ಕಾಣಲ್ಲ. ಹಗಲಲ್ಲಿ ನನ್ನ ಬೈಕ್ ಲೈಟ್ ಉರೀತಿದ್ರೆ ಮಾತ್ರ ಎಲ್ಲರೂ ಕೈ ಆಡಿಸಿ ಹೇಳ್ತಾರೆ. ಏನು ಮಾಡ್ಲಿ?
– ಓದುಗರು, ಸಕಲೇಶಪುರ

ಉತ್ತರ: ಮೊದಲು ನಿನ್ನ ಬೈಕಿನ ಮಾತು. 2017ರ ಏಪ್ರಿಲ್‌ನಿಂದ ಬಂದ ಎಲ್ಲ ಹೊಸ ಟೂ ವೀಲರ್‌ಗಳಲ್ಲೂ ಇಂಜಿನ್ ಸ್ಟಾರ್ಟ್ ಆದ್ರೆ ಲೈಟ್ ತಾನೇ ಹತ್ತಬೇಕು ಅಂತ ರೂಲ್ಸು, ಎದುರಿನೋರಿಗೆ ಬೈಕ್ ಕಾಣಲಿ ಅಂತ. ಆರಿಸೋ ಸ್ವಿಚ್ಚೇ ಇಲ್ಲ, ಕೈ ಆಡಿಸೋರು ಒಳ್ಳೆ ಮನಸ್ಸಿಂದ ಹೇಳ್ತಾರೆ, ಒಂದು ಸಲ ತಲೆ ಆಡಿಸಿ ಮುಂದೆ ಹೋಗಪ್ಪ.

ಹೈ ಬೀಮ್ ಮಾತ್ರ ಕ್ಷಮಿಸೋ ತಪ್ಪಲ್ಲ. ಮಂಜು ಅಂದ್ರೆ ಗಾಳೀಲಿ ತೇಲೋ ಸಣ್ಣ ನೀರಹನಿ, ಜೋರು ಬೆಳಕು ಅದಕ್ಕೆ ಬಡಿದು ಹಾಕಿದೋನ ಕಣ್ಣಿಗೇ ವಾಪಸ್ ಬರುತ್ತೆ, ಬಿಳಿ ಗೋಡೆ ಎದ್ದ ಹಾಗೆ. ಅಂದ್ರೆ ಅವನಿಗೂ ರಸ್ತೆ ಕಾಣಲ್ಲ, ಎದುರಿನೋರಿಗೂ ಕಾಣಲ್ಲ. ಲೋ ಬೀಮು, ಇದ್ರೆ ಕೆಳಗಿನ ಫಾಗ್ ಲೈಟು, ನಿಧಾನ, ರಸ್ತೆಯ ಎಡ ಅಂಚಿನ ಗೆರೆ ನೋಡ್ಕೊಂಡು ಹೋಗೋದು. ಶಿರಾಡಿ, ಚಾರ್ಮಾಡಿ ಎರಡೂ ಕಡೆ ಮಂಜು ದಟ್ಟ ಆದ್ರೆ ರಸ್ತೆ ಬಿಟ್ಟು ಪೂರ್ತಿ ಪಕ್ಕಕ್ಕೆ ಸರಿದು ನಿಲ್ಲಿಸಿ, ರಸ್ತೆ ಮೇಲೇ ನಿಂತು ಚಾ ಕುಡಿಯೋರು, ಸೆಲ್ಫಿ ತೆಗೆಯೋರು ದಯವಿಟ್ಟು ಮನೆಯೋರ ಮುಖ ನೆನಪು ಮಾಡ್ಕೊಳಿ. ನಿಮ್ಮ ಕಡೆ ಆನೆಯೂ ಅದೇ ಮಂಜಲ್ಲಿ ರಸ್ತೆ ದಾಟುತ್ತೆ ಅನ್ನೋದು ನಿನಗೆ ನಾನು ಹೇಳ್ಬೇಕಾಗಿಲ್ಲ.

ಪ್ರಶ್ನೆ: ಆಂಟೀ, ನೀವು ಕ್ರಿಕೆಟ್ ವಿರೋಧಿನಾ? ಐಪಿಎಲ್ ಬಂದಾಗೆಲ್ಲ ಬೈತೀರಿ.
– ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ಕ್ರಿಕೆಟ್ ಮೇಲಿನ ಪ್ರೀತಿಗೇ ಬೈಯೋದು ಪುಟ್ಟ. ನಿನಗೆ ಸಿಕ್ಸರ್ ಹೊಡೆದೋರ ಹೆಸರೆಲ್ಲ ಬಾಯಿಪಾಠ ಇರುತ್ತೆ, ಜಾವಗಲ್ ಶ್ರೀನಾಥ್ ಎಷ್ಟು ವಿಕೆಟ್ ತೆಗೆದ್ರು ಹೇಳು ನೋಡಣ. ಜಾವಗಲ್ ನಮ್ಮ ಅರಸೀಕೆರೆ ತಾಲ್ಲೂಕಿನ ಊರು ಅನ್ನೋದಾದ್ರೂ ಗೊತ್ತಿರಬೇಕು. 67 ಟೆಸ್ಟಲ್ಲಿ 236, 229 ಒನ್‌ಡೇಲಿ 315 ವಿಕೆಟ್ಟು, ಒನ್‌ಡೇಲಿ ಭಾರತದ ಕಡೆಯಿಂದ ಕುಂಬ್ಳೆ ಬಿಟ್ರೆ ಇವರೇ. ಅದೂ ವೇಗದ ಬೌಲರ್‌ಗೆ ಏನೂ ಸಹಾಯ ಸಿಗದ ನಮ್ಮ ದೇಶದ ಸತ್ತ ಪಿಚ್ ಮೇಲೆ ಓಡಿ ಓಡಿ ತೆಗೆದಿದ್ದು. 1999ರ ಫೆಬ್ರವರಿಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ಮೇಲೆ ಮೊದಲ ಇನಿಂಗ್ಸಲ್ಲಿ 5, ಎರಡನೇದ್ರಲ್ಲಿ 86 ರನ್‌ಗೆ 8, ಒಟ್ಟು 13 ವಿಕೆಟ್ ತೆಗೆದ್ರೂ ಭಾರತ 46 ರನ್‌ನಿಂದ ಸೋತಿತು. ಹದಿಮೂರು ವಿಕೆಟ್ ತೆಗೆದು ಸೋಲೋದು ಅಂದ್ರೆ ಏನು ಅಂತ ಯೋಚನೆ ಮಾಡು, ಈಗ ಯಾರಾದ್ರೂ ಆ ಸ್ಪೆಲ್ ಬಗ್ಗೆ ಮಾತಾಡ್ತಾರಾ? ಬೌಲರ್ ಬೆವರಿಗೆ ಬೆಲೆ ಇಲ್ಲದ, ಬೌಂಡರಿ ಹಗ್ಗ ಒಳಗೆ ಎಳೆದಿರೋ ಆಟ ನೋಡಿದ್ರೆ ನನಗೆ ಸಂಕಟ ಆಗುತ್ತೆ.

ಇನ್ನೊಂದು, ಆಟ ನೋಡೋದು ಬೇರೆ, ಅದರ ಮೇಲೆ ದುಡ್ಡು ಕಟ್ಟೋದು ಬೇರೆ. ಆ್ಯಪಲ್ಲಿ ಟೀಮ್ ಕಟ್ಟಿ ಅಪ್ಪನ ದುಡ್ಡು ಕಳೆದ ಹುಡುಗ್ರನ್ನ ನಮ್ಮ ಬೀದಿಲೇ ನೋಡಿದೀನಿ. 2025ರ ಆಗಸ್ಟಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ನಿಷೇಧಿಸೋ ಕಾಯ್ದೆ ಮಾಡಿದ್ದು ಒಳ್ಳೇದಾಯ್ತು, ಕದ್ದುಮುಚ್ಚಿ ಆಡೋ ದಾರಿ ತೋರಿಸೋ ಗೆಳೆಯರಿದ್ರೆ ದೂರ ಇಡು. ಆಟದ ಮೈದಾನದ್ದೂ ಒಂದು ನೋವಿದೆ. ನಮ್ಮ ಮನೆ ಹತ್ತಿರದ ಶಾಲೆ ಮೈದಾನನ ಎಕ್ಸಿಬಿಷನ್‌ಗೆ, ಸಮಾವೇಶಕ್ಕೆ ಕೊಡ್ತಾರೆ, ಅವರು ಪೆಂಡಾಲ್ ಕಿತ್ಕೊಂಡು ಹೋದ್ಮೇಲೆ ಗುಂಡಿ, ಮೊಳೆ, ಜಲ್ಲಿ ಅಲ್ಲೇ. ಕಬಡ್ಡಿ ಆಡೋ ಹುಡುಗೀರು ಬರಿಗಾಲಲ್ಲಿ ಮೊದಲು ಮೊಳೆ ಆರಿಸಿ ಆಮೇಲೆ ಆಟ ಶುರು ಮಾಡ್ತಾರೆ. ಬಾಡಿಗೆ ತಗೊಂಡೋರು ಠೇವಣಿ ಇಡಬೇಕು, ಮೈದಾನ ಇದ್ದ ಹಾಗೆ ಮಾಡಿಕೊಟ್ಟ ಮೇಲೇ ಆ ದುಡ್ಡು ವಾಪಸ್ ಅಂತ ಆಗಬೇಕು, ನಿಮ್ಮ ಕಾಲೇಜಿನ ಹುಡುಗ್ರು ಎಲ್ಲ ಸೈನ್ ಮಾಡಿ ಒಂದು ಅರ್ಜಿ ಕೊಡಿ, ನಾನೂ ಸೈನ್ ಹಾಕ್ತೀನಿ.

ಪ್ರಶ್ನೆ: ನಿಮಗೆ ಈಗಿನ ಸಂಗೀತ ಯಾವುದೂ ಹಿಡಿಸಲ್ವಾ? ಡಿಜೆ ಅಂದ್ರೆ ಯಾಕಷ್ಟು ಕೋಪ?
– ಓದುಗರು, ಅರಕಲಗೂಡು

ಉತ್ತರ: ಹಾಡು ಹೊಸದೋ ಹಳೇದೋ ಅನ್ನೋದು ನನಗೆ ಮುಖ್ಯ ಅಲ್ಲ. ಎದೆ ನಡುಗೋ ಹಾಗೆ ಬಾಕ್ಸ್ ಇಟ್ಟು ಹಾಕಿದ್ರೆ ಅದರಲ್ಲಿ ಹಾಡೇ ಕೇಳಲ್ಲ, ದುಡುಂ ದುಡುಂ ಅಷ್ಟೇ. ವಾಸದ ಬಡಾವಣೆಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಸ್ಪೀಕರ್ ಹಾಕಂಗಿಲ್ಲ, ಇದು 2000ದ ಶಬ್ದಮಾಲಿನ್ಯ ನಿಯಮದಲ್ಲೇ ಇದೆ. ಹಬ್ಬ ಹರಿದಿನಕ್ಕೆ ಅಂತ ಸರ್ಕಾರ 12 ಗಂಟೆವರೆಗೆ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರೋ ಹಾಗಿಲ್ಲ. ಹತ್ತು ಡೆಸಿಬೆಲ್ ಜಾಸ್ತಿ ಅಂದ್ರೆ ಸದ್ದಿನ ಶಕ್ತಿ ಹತ್ತು ಪಟ್ಟು ಜಾಸ್ತಿ ಅಂತ ಲೆಕ್ಕ, ಸ್ವಲ್ಪ ಅಲ್ಲ. ಮೆರವಣಿಗೆ ಬೀದಿಲಿ ಹಾರ್ಟ್ ಪೇಷಂಟ್ ಇರ್ತಾರೆ, ಹಸುಗೂಸು ಇರುತ್ತೆ, ಎಸ್ಸೆಸ್ಸೆಲ್ಸಿ ಓದೋ ಮಕ್ಕಳಿರ್ತಾರೆ. ಹತ್ತು ಗಂಟೆ ದಾಟಿದ್ರೆ 112ಕ್ಕೆ ಫೋನ್ ಮಾಡಿ, ನಾನು ಮಾಡ್ತೀನಿ, ಅಕ್ಕಪಕ್ಕದೋರು ಏನಂತಾರೋ ಅಂತ ಹೆದರಬೇಡಿ.

ನಿಮ್ಮ ತಾಲ್ಲೂಕಲ್ಲೇ ಕಾವೇರಿ ದಡದಲ್ಲಿ ರುದ್ರಪಟ್ಟಣ ಇದೆ. ಒಂದು ಸಣ್ಣ ಊರು ಇಷ್ಟೊಂದು ಸಂಗೀತಗಾರರನ್ನ ಕೊಟ್ಟಿದ್ದು ಬೇರೆಲ್ಲೂ ಸುಲಭಕ್ಕೆ ಸಿಗಲ್ಲ. ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲೇ, 2014ರಲ್ಲಿ ತೀರಿಕೊಂಡ್ರು, ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿದ್ರು, ಸಾಹಿತ್ಯದ ಒಂದೊಂದು ಅಕ್ಷರ ಸ್ಪಷ್ಟವಾಗಿ ಕೇಳೋದು. ಅದೇ ಊರಲ್ಲಿ ಆರ್.ಕೆ. ಪದ್ಮನಾಭ ಅವರು ತಂಬೂರಿ ಆಕಾರದಲ್ಲೇ ಸಪ್ತಸ್ವರ ದೇವಸ್ಥಾನ ಕಟ್ಟಿಸಿದಾರೆ, ಹೋಗಿ ನೋಡಿ ಬನ್ನಿ. ಅಂಥ ಜಿಲ್ಲೇಲಿ ಕೂಡ ಕಚೇರಿ ಮಾಡಿಸೋರು ಮೈಕ್ ಸೌಂಡ್ ಎಷ್ಟು ಏರಿಸ್ತಾರೆ ಅಂದ್ರೆ ತಂಬೂರಿ ಶ್ರುತಿನೇ ಮುಚ್ಚಿಹೋಗುತ್ತೆ. ಕೇಳೋರೂ ಕಮ್ಮಿ ಇಲ್ಲ, ತನಿ ಆವರ್ತನ ಶುರು ಆಯ್ತು ಅಂದ್ರೆ ಅರ್ಧ ಸಭೆ ಕಾಫಿಗೆ ಏಳುತ್ತೆ. ಒಂದೂವರೆ ಗಂಟೆಯಿಂದ ಹಾಡುಗಾರರಿಗೆ ಒತ್ತಾಸೆಯಾಗಿ ಕೂತಿದ್ದ ಮೃದಂಗದೋರು, ಘಟದೋರು ತಮ್ಮ ವಿದ್ಯೆ ತೋರಿಸೋ ಹದಿನೈದು ನಿಮಿಷ ಅದು, ಅವರ ಕಣ್ಣೆದುರೇ ಸಾಲಾಗಿ ಎದ್ದು ಹೋಗೋದು ಎಷ್ಟು ಅವಮಾನ ಯೋಚಿಸಿ. ತಾಳದ ಲೆಕ್ಕ ತಿಳೀದಿದ್ರೂ ಪರವಾಗಿಲ್ಲ, ಸುಮ್ನೆ ಕೈಲಿ ತಾಳ ಹಾಕ್ತಾ ಕೂತ್ಕೊಳಿ, ನಾಲ್ಕನೇ ಕಚೇರಿಗೆ ಮುಕ್ತಾಯ ಎಲ್ಲಿ ಬರುತ್ತೆ ಅಂತ ಮೈಗೇ ಗೊತ್ತಾಗುತ್ತೆ.

ಪ್ರಶ್ನೆ: ಹತ್ತು ರೂಪಾಯಿ ಕಾಯಿನ್ ಅಂಗಡಿಯೋರು ತಗೊಳಲ್ಲ. ಬ್ಯಾನ್ ಆಗಿದೆಯಾ? ಇನ್ನು ಚಿಲ್ಲರೆ ಬದ್ಲು ಚಾಕ್ಲೇಟ್ ಕೊಡ್ತಾರೆ.
– ಓದುಗರು, ಕಡೂರು

ಉತ್ತರ: ಬ್ಯಾನ್ ಆಗಿಲ್ಲ, ಆಗೇ ಇಲ್ಲ. ಬೇರೆ ಬೇರೆ ವರ್ಷ ಬೇರೆ ಬೇರೆ ಡಿಸೈನ್ ಬಂದಿದ್ರಿಂದ ಜನಕ್ಕೆ ಗೊಂದಲ ಆಗಿ, 2018ರ ಜನವರಿಲಿ ರಿಸರ್ವ್ ಬ್ಯಾಂಕೇ ಆವರೆಗೆ ಬಂದಿದ್ದ 14 ಡಿಸೈನೂ ಚಾಲ್ತಿಲಿದೆ, ಎಲ್ಲ ತಗೋಬೇಕು ಅಂತ ಹೇಳಿಕೆ ಕೊಡ್ತು, ರೂಪಾಯಿ ಚಿಹ್ನೆ ಇರೋದೂ ಸರಿ, ಇಲ್ದಿರೋದೂ ಸರಿ. ಒಂದು ರೂಪಾಯಿ ಮತ್ತೆ ಅದಕ್ಕೂ ಮೇಲಿನ ನಾಣ್ಯ ಒಂದು ಸಲಕ್ಕೆ 1000 ರೂಪಾಯಿವರೆಗೆ ಕೊಡಬಹುದು ಅಂತ 2011ರ ನಾಣ್ಯ ಕಾಯ್ದೆಲಿದೆ, ಅದಕ್ಕಿಂತ ಜಾಸ್ತಿ ಮೂಟೆ ಕಟ್ಕೊಂಡು ಹೋಗಿ ಅಂಗಡಿಯೋನ ತಲೆ ತಿನ್ನಬೇಡಿ, ಬ್ಯಾಂಕಿಗೆ ಹಾಕಿ. ಚಾಕ್ಲೇಟಿಗೆ ನಾನು ಮಾಡೋದು ಇಷ್ಟು, ‘ಬೇಡಪ್ಪ, ನನಗೆ ಬಾಕಿ ಎರಡು ರೂಪಾಯಿ ಬರ್ಕೊ, ನಾಳೆ ತಗೋತೀನಿ’ ಅಂತೀನಿ, ಮಾರನೇ ದಿನ ಹೋಗಿ ತಗೊಂಡೇ ಬರ್ತೀನಿ. ಎರಡು ರೂಪಾಯಿ ಚಿಕ್ಕದು ಅನ್ನೋರು ಆ ಅಂಗಡಿಲಿ ನಾವು ಎರಡು ರೂಪಾಯಿ ಕಮ್ಮಿ ಕೊಟ್ಟಾಗ ಬಿಡ್ತಾರಾ ಕೇಳಿ ನೋಡಿ.